ವಾನ್ ಬೀಥೋವನ್: ಒಂದು ಅಡ್ಡಹೆಸರಿನ ವಂಶಾವಳಿ

1818ರ ಡಿಸೆಂಬರ್ 11ರಂದು ವಿಯೆನ್ನಾದ ಲಾಂಡ್‌ರೆಖ್ಟ್ ನ್ಯಾಯಾಲಯದಲ್ಲಿ ಸಣ್ಣದೊಂದು ಪ್ರಶ್ನೆ ಎದ್ದಿತು. ಎದುರಿಗೆ ನಿಂತಿದ್ದವನು 48ರ ಹೊಸ್ತಿಲಲ್ಲಿದ್ದ ಸಂಗೀತಗಾರ, ಕಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. ತಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ತಮ್ಮನ ಮಗ, 12 ವರ್ಷದ ಕಾರ್ಲ್, ತಾಯಿಯ ಬಳಿ ಇರಬೇಕೋ ದೊಡ್ಡಪ್ಪನ ಬಳಿಯೋ ಎಂಬುದು ವ್ಯಾಜ್ಯ. ಹುಡುಗ ಆಗಷ್ಟೇ ದೊಡ್ಡಪ್ಪನ ಮನೆಯಿಂದ ತಪ್ಪಿಸಿಕೊಂಡು ತಾಯಿಯ ಬಳಿಗೆ ಓಡಿದ್ದ. ಪೊಲೀಸರು ಅವನನ್ನು ಹಿಂದಕ್ಕೆ ಕರೆತಂದಿದ್ದರು. ವಿಚಾರಣೆ ಆ ಓಟದ ಸುತ್ತಲೇ ನಡೆದಿತ್ತು. ಮಾತಿನ ಭರದಲ್ಲಿ ದೊಡ್ಡಪ್ಪನ ಬಾಯಿಂದ ಒಂದು ಮಾತು ಜಾರಿತು: ಹುಡುಗ ಕುಲೀನ ವಂಶದವನಾಗಿದ್ದಿದ್ದರೆ ಇಂಥ ಶಾಲೆಗೆ ಸೇರಿಸಬಹುದಿತ್ತು.

ನ್ಯಾಯಾಧೀಶರ ಕಿವಿ ನೆಟ್ಟಗಾಯಿತು. ಲಾಂಡ್‌ರೆಖ್ಟ್ ಇದ್ದದ್ದೇ ಕುಲೀನರಿಗಾಗಿ. ಸಾಮಾನ್ಯರ ವ್ಯಾಜ್ಯಗಳೆಲ್ಲ ನಗರದ ಮ್ಯಾಜಿಸ್ಟ್ರೇಟರ ಕಟ್ಟೆಗೆ ಹೋಗಬೇಕು. ಹಾಗಾದರೆ ನೀವು ಕುಲೀನರೋ, ಅದಕ್ಕೆ ಪತ್ರವಿದೆಯೋ ಎಂದು ಕೇಳಿದರು. ‘ವಾನ್’ ಎಂಬುದು ಡಚ್ಚರ ರೂಢಿ, ಅದನ್ನು ಕುಲೀನರಷ್ಟೇ ಇಟ್ಟುಕೊಳ್ಳಬೇಕೆಂದಿಲ್ಲ, ನನ್ನ ಬಳಿ ಪತ್ರವೂ ಇಲ್ಲ ಎಂದು ಬೀಥೋವನ್ ಒಪ್ಪಿಕೊಂಡ. ಒಂದು ವಾರದಲ್ಲಿ ವ್ಯಾಜ್ಯ ಮ್ಯಾಜಿಸ್ಟ್ರೇಟರ ಕಟ್ಟೆಗೆ ಇಳಿಯಿತು. ತಲೆಯನ್ನೂ ಎದೆಯನ್ನೂ ಮುಟ್ಟಿಕೊಂಡು ನನ್ನ ಕುಲೀನತೆ ಇಲ್ಲಿದೆ ಎಂದು ಅವನು ಗುಡುಗಿದನೆಂಬ ಕಥೆಯನ್ನು ಅವನ ಸಹಾಯಕ ಷಿಂಡ್ಲರ್ ಹಬ್ಬಿಸಿದ. ಷಿಂಡ್ಲರ್ ಕಿವಿ ಕೇಳದ ಯಜಮಾನನ ಜೊತೆ ಜನ ಬರೆದು ಮಾತಾಡುತ್ತಿದ್ದ ಸಂಭಾಷಣೆ ಪುಸ್ತಕಗಳಲ್ಲೇ ಸುಳ್ಳು ಸಾಲು ಸೇರಿಸಿದ ಮಹಾಶಯ. ಅವನ ಮಾತನ್ನು ಅಷ್ಟಕ್ಕೇ ಬಿಡೋಣ.

ವಿಯೆನ್ನಾದ ಜನ ಅಷ್ಟು ವರ್ಷ ಆ ‘ವಾನ್’ ಅನ್ನು ಜರ್ಮನ್ ‘ಫೊನ್’ ಎಂದೇ ತಿಳಿದಿದ್ದರು. ಜರ್ಮನ್ನರಲ್ಲಿ ‘ಫೊನ್’ ಹೆಚ್ಚಾಗಿ ಜಮೀನು, ಕೋಟೆ, ಬಿರುದು ಇದ್ದವರ ಗುರುತು. ಫ್ಲಾಂಡರ್ಸ್‌ನ ‘ವಾನ್’ಗೆ ಆ ಗತ್ತಿಲ್ಲ. ಅಲ್ಲಿ ರೊಟ್ಟಿ ಸುಡುವವನೂ ವಾನ್, ದನ ಕಾಯುವವನೂ ವಾನ್. ಇಂಥ ಊರಿನವನು ಅಂದರೆ ಮುಗಿಯಿತು. ಆ ತಪ್ಪು ತಿಳಿವಳಿಕೆಯನ್ನು ಬೀಥೋವನ್ ತಾನಾಗಿ ಯಾವತ್ತೂ ತಿದ್ದಿರಲಿಲ್ಲ. ಅರಮನೆಗಳಲ್ಲಿ ಓಡಾಡುವವನಿಗೆ ಅದರಿಂದ ಅನುಕೂಲವೇ ಇತ್ತು.

ಯಾವ ಊರಿನವನು ಎಂದು ಕೇಳಿದರೆ ವಿದ್ವಾಂಸರು ಸಾಮಾನ್ಯವಾಗಿ ಇಂದಿನ ಬೆಲ್ಜಿಯಂನ ಲಿಯೆಜ್ ಪ್ರಾಂತ್ಯದತ್ತ ಬೆರಳು ತೋರಿಸುತ್ತಾರೆ. ಅಲ್ಲಿ ಬೆಟ್ಟೆನ್‌ಹೋವೆನ್ ಎಂಬ ಹಳ್ಳಿಯಿದೆ, ಫ್ರೆಂಚ್ ಮಾತಾಡುವವರ ಬಾಯಲ್ಲಿ ಅದು ಬೆಟೆಂಕೂರ್. ಬೀಟ್‌ರೂಟ್ ತೋಟದವರು ಎಂಬ ತಮಾಷೆಯ ವ್ಯುತ್ಪತ್ತಿಯೂ ಉಂಟು. ಮನೆತನ ಮೊದಲ ಸಲ ಸ್ಪಷ್ಟವಾಗಿ ಕಾಣಿಸುವುದು ಮಾತ್ರ ಬ್ರಸೆಲ್ಸ್ ಸಮೀಪದ ಕಾಂಪೆನ್‌ಹೌಟ್ ಎಂಬ ರೈತರ ಹಳ್ಳಿಯಲ್ಲಿ. ಅಲ್ಲಿ 1535ರ ಸುಮಾರಿಗೆ ಹುಟ್ಟಿ 1609ರಲ್ಲಿ ತೀರಿಕೊಂಡ ಆರ್ಟ್ ವಾನ್ ಬೀಥೋವನ್ ಎಂಬ ರೈತನಿದ್ದ. ಅವನ ಹೆಂಡತಿ ಜೊಸೀನ್. ಆಕೆ ಮಾಟಗಾತಿ ಎಂದು ಯಾರೋ ದೂರಿದರು. 1595ರಲ್ಲಿ ಬ್ರಸೆಲ್ಸ್‌ನಲ್ಲಿ ಆಕೆಯನ್ನು ಸುಟ್ಟು ಕೊಂದರು. ಗಂಡ ಇನ್ನೂ 14 ವರ್ಷ ಬದುಕಿದ. ಜಗತ್ತು ಇಂದು ನವಮ ಸಿಂಫನಿಯ ಜೊತೆ ನೆನೆಯುವ ಹೆಸರು ಅದಕ್ಕೆ ಇನ್ನೂರಿಪ್ಪತ್ತೊಂಬತ್ತು ವರ್ಷ ಮುಂಚೆ ದಫ್ತರದಲ್ಲಿ ಉಳಿದದ್ದು ಈ ಬೆಂಕಿಯ ಜೊತೆ. ಆರ್ಟ್ ಮತ್ತು ಜೊಸೀನ್ ದಂಪತಿಗೆ ಹೆಂಡ್ರಿಕ್ ಎಂಬ ಮಗನಿದ್ದ. ಅವನನ್ನು ಈ ಕಥೆಯಲ್ಲಿ ನೆನಪಿಟ್ಟುಕೊಳ್ಳಬೇಕು.

ಅಡ್ಡಹೆಸರು ಎಂಬುದೇ ಯುರೋಪಿನ ಈ ಭಾಗದಲ್ಲಿ ಅಷ್ಟೇನೂ ಹಳೆಯದಲ್ಲ. ಜರ್ಮನ್ ನಾಡುಗಳಲ್ಲಿ 12ನೇ ಶತಮಾನದ ಹೊತ್ತಿಗೆ ಕಲೋನ್‌ನಂಥ ರೈನ್ ತೀರದ ಪೇಟೆಗಳಲ್ಲಿ ಅದು ಶುರುವಾಯಿತು. ಪೇಟೆ ಬೆಳೆದಂತೆ ಒಂದೇ ಬೀದಿಯಲ್ಲಿ ಹತ್ತು ಜನ ಯೊಹಾನೆಸ್ ಸಿಗತೊಡಗಿದರು. ತೆರಿಗೆ ಬರೆದುಕೊಳ್ಳುವವನಿಗೆ ಯಾವ ಯೊಹಾನೆಸ್ ಎಂಬುದು ಬೇಕಾಯಿತು. ಗಿರಣಿಯವನು ಮ್ಯೂಲರ್ ಆದ, ಕಮ್ಮಾರ ಷ್ಮಿಟ್ ಆದ, ಗುಂಗುರು ಕೂದಲಿನವನು ಕ್ರೌಸ್ ಆದ, ಬವೇರಿಯಾದಿಂದ ಬಂದವನು ಬಾಯರ್ ಆದ. ಈ ಚಾಳಿ ಹಳ್ಳಿಗಳಿಗೆ ಹಬ್ಬಲು ಮುನ್ನೂರು ವರ್ಷ ಹಿಡಿಯಿತು. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆ ಪ್ರತಿ ಚರ್ಚೂ ಮದುವೆ, ದೀಕ್ಷಾಸ್ನಾನಗಳ ದಫ್ತರ ಇಡಬೇಕೆಂದು ಕಟ್ಟುಮಾಡಿದ ಮೇಲೆ ಹೆಸರುಗಳು ಕಾಗದಕ್ಕೆ ಅಂಟಿಕೊಂಡವು. ಅಂಚುಗಳಲ್ಲಿ ಇನ್ನೂ ತಡ. ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲೆಂಡ್‌ನಲ್ಲಿ ಅಪ್ಪನ ಹೆಸರನ್ನೇ ಮಗನ ಹೆಸರಿನ ಹಿಂದೆ ಹಚ್ಚಿ ಪ್ರತಿ ತಲೆಮಾರಿಗೂ ಹೊಸ ಅಡ್ಡಹೆಸರು ಮಾಡಿಕೊಳ್ಳುತ್ತಿದ್ದರು. 1811ರಲ್ಲಿ ನೆಪೋಲಿಯನ್ ಫರ್ಮಾನು ಹೊರಡಿಸಿದ ಮೇಲೂ ಜನ ಬೇಗ ಬಗ್ಗಲಿಲ್ಲ. ನಮ್ಮ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು ಆ ಸೀಮೆಯಲ್ಲೇ, 1832ರಲ್ಲಿ.

ಯಹೂದಿಗಳ ಪಾಡು ಬೇರೆ. ಅವರ ಮೇಲೆ ಸರ್ಕಾರಗಳೇ ಅಡ್ಡಹೆಸರು ಹೇರಿದವು: ಆಸ್ಟ್ರಿಯಾದ ಎರಡನೇ ಜೋಸೆಫ್ 1787ರಲ್ಲಿ, ಪ್ರಷ್ಯಾ 1812ರಲ್ಲಿ.

ಹೆಸರು ಕಾಗದಕ್ಕೆ ಅಂಟಿಕೊಂಡಿತು ನಿಜ, ರಕ್ತಕ್ಕೆ ಅಂಟಿಕೊಂಡಿತೇ? ಅಪ್ಪನಿಂದ ಮಗನಿಗೆ ಹೆಸರು ಹೋಗುವ ಹಾದಿಯಲ್ಲೇ ವೈ ವರ್ಣತಂತುವೂ ಹೋಗುತ್ತದೆ. ತಾಯಿಯ ಕಡೆಯಿಂದ ಏನೂ ಬೆರೆಯದೆ, ಎಲ್ಲೋ ಒಂದೆರಡು ಅಕ್ಷರ ತಿದ್ದುಪಡಿಯಾಗಿ, ಅದು ಹಾಗೇ ದಾಟುತ್ತದೆ. ಆದ್ದರಿಂದ ಒಂದೇ ಮೂಲಪುರುಷನಿಂದ ಇಳಿದು ಬಂದ ಒಂದೇ ಅಡ್ಡಹೆಸರಿನ ಗಂಡಸರಲ್ಲಿ ಒಂದೇ ವೈ ಇರಬೇಕು. ಇದು ಲೆಕ್ಕದ ಮಾತು. ಆಕ್ಸ್‌ಫರ್ಡ್‌ನ ಬ್ರಯನ್ ಸೈಕ್ಸ್ 2000ದಲ್ಲಿ ತನ್ನದೇ ಅಡ್ಡಹೆಸರಿನ ಇಂಗ್ಲಿಷ್ ಗಂಡಸರನ್ನು ಪರೀಕ್ಷಿಸಿ ನೋಡಿದರು. ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಒಂದೇ ವೈ ಸಿಕ್ಕಿತು. ಏಳುನೂರು ವರ್ಷದ ಹೆಸರಿಗೆ ಅದು ಒಳ್ಳೆಯ ಅಂಕವೇ. ಮಿಕ್ಕ ಅರ್ಧದವರ ಹಿಂದೆ ದತ್ತು ಮಕ್ಕಳು, ತಾಯಿಯ ಹೆಸರು ಹೊತ್ತವರು, ಹೇಳಿಕೊಳ್ಳಲಾಗದ ಸಂಬಂಧಗಳು ಎಲ್ಲವೂ ಇದ್ದಿರಬೇಕು.

ಜರ್ಮನಿಯಲ್ಲಿ ಇನ್ನೊಂದು ತೊಡಕುಂಟು. ವೆಸ್ಟ್‌ಫಾಲಿಯಾದ ರೈತರಲ್ಲಿ ಹೆಸರು ಮನುಷ್ಯನದಲ್ಲ, ಜಮೀನಿನದು. ಗಂಡುಮಕ್ಕಳಿಲ್ಲದ ಹೊಲಮನೆಗೆ ಅಳಿಯನಾಗಿ ಬಂದವನು ತನ್ನ ಅಡ್ಡಹೆಸರನ್ನು ಬಾಗಿಲಲ್ಲೇ ಬಿಟ್ಟು ಆ ಹೊಲಮನೆಯ ಹೆಸರು ಹೊರುತ್ತಿದ್ದ. ದಫ್ತರಗಳಲ್ಲಿ ‘ಇಂಥವನು, ಇಂಥವನೆಂದು ಕರೆಯಲ್ಪಡುವವನು’ ಎಂದು ಎರಡೂ ಹೆಸರು ಬರೆದಿರುತ್ತಾರೆ. ನಾನ್ನೂರು ವರ್ಷ ಒಂದೇ ಹೆಸರು ಹೊತ್ತ ಮನೆಯಲ್ಲಿ ನಾಲ್ಕು ಬೇರೆ ಬೇರೆ ಗಂಡುಸಾಲು ಆಗಿಹೋಗಿರಬಹುದು. ಅದರಲ್ಲಿ ಯಾರ ಮೋಸವೂ ಇಲ್ಲ, ಅದು ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಹಿಟ್ಲರನ ಆಡಳಿತ ಪ್ರಜೆಗಳ ಕೈಗೆ ‘ಪೂರ್ವಜರ ಪಾಸ್’ ಎಂಬ ಪುಸ್ತಕ ಕೊಟ್ಟು, ಚರ್ಚಿನ ದಫ್ತರ ನೋಡಿ ಆರ್ಯರಕ್ತ ಸಾಬೀತು ಮಾಡಿ ಎಂದು ಕೂತಾಗ ಇವೇ ಕಾಗದಗಳು ಜೀವ ಉಳಿಸುವ, ಜೀವ ತೆಗೆಯುವ ಪುರಾವೆಯಾದವು. ಪಾದ್ರಿ ಬರೆದದ್ದು ದೀಕ್ಷಾಸ್ನಾನದ ದಿನ ಯಾರು ತಂದೆಯೆಂದು ಹೇಳಿಕೊಂಡರು ಎಂಬುದನ್ನಷ್ಟೇ. ಅದನ್ನು ರಕ್ತಪರೀಕ್ಷೆಯ ವರದಿಯಂತೆ ಓದಿದ್ದು ಶುದ್ಧ ಮೂರ್ಖತನ, ಕ್ರೌರ್ಯವಂತೂ ಸರಿಯೇ.

ಬೀಥೋವನ್ನರ ಕಡೆಗೆ ಬರೋಣ. ಆರ್ಟ್‌ನ ಮಗ ಹೆಂಡ್ರಿಕ್, ಅವನ ಮಗ ಮಾರ್ಕಸ್, ಅವನ ಮಗ ಕಾರ್ನೇಲಿಯಸ್. ಕಾರ್ನೇಲಿಯಸ್ ಹಳ್ಳಿ ಬಿಟ್ಟು ಮೆಖೆಲೆನ್ ಪಟ್ಟಣ ಸೇರಿದ. ಅವನ ಮಗ ಮಿಖೀಲ್ ರೊಟ್ಟಿ ಅಂಗಡಿ ಇಟ್ಟ, ಆಮೇಲೆ ಲೇಸು, ಚಿತ್ರಪಟಗಳ ವ್ಯಾಪಾರಕ್ಕಿಳಿದು ಕೈಸುಟ್ಟುಕೊಂಡ. ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟು ಮಕ್ಕಳಿದ್ದ ಬಾನ್ ಸೇರಿದ. ಮಗ ಲುಡ್ವಿಗ್‌ಗೆ 1712ರ ಜನವರಿ 5ರಂದು ಮೆಖೆಲೆನ್‌ನಲ್ಲಿ ದೀಕ್ಷಾಸ್ನಾನವಾಗಿತ್ತು. ಈ ಅಜ್ಜ ಲುಡ್ವಿಗ್ ಹುಟ್ಟಿದ್ದು ಆಂಟ್‌ವರ್ಪ್‌ನಲ್ಲಿ ಎಂದು ಬಹುಕಾಲ ನಂಬಿದ್ದರು, ಅಲ್ಲಿಯೂ ಬೀಥೋವನ್ ಮನೆಗಳಿದ್ದವು. 1920ರ ದಶಕದಲ್ಲಿ ರೇಮಂಡ್ ವಾನ್ ಆರ್ಡ್ ಮೆಖೆಲೆನ್ ದಫ್ತರಗಳನ್ನು ಜಾಲಾಡಿದ ಮೇಲೆ ಆ ವಾದ ತಣ್ಣಗಾಯಿತು.

ಅಜ್ಜನ ಗಂಟಲು ಚೆನ್ನಾಗಿತ್ತು. ಲ್ಯೂವೆನ್, ಲಿಯೆಜ್ ಚರ್ಚುಗಳಲ್ಲಿ ಹಾಡಿ, 1733ರಲ್ಲಿ ಕಲೋನ್‌ನ ಎಲೆಕ್ಟರ್ ಕ್ಲೆಮೆನ್ಸ್ ಆಗಸ್ಟ್‌ನ ಕರೆಯ ಮೇಲೆ ಬಾನ್ ಆಸ್ಥಾನಕ್ಕೆ ಬಂದ. ಅದೇ ವರ್ಷ ಮರಿಯಾ ಜೊಸೆಫಾ ಪೋಲ್ ಎಂಬಾಕೆಯನ್ನು ಮದುವೆಯಾದ. 1761ರಲ್ಲಿ ಆಸ್ಥಾನ ಸಂಗೀತದ ಮುಖ್ಯಸ್ಥನಾದ. ಸಂಬಳದ ಜೊತೆಗೆ ವೈನ್ ವ್ಯಾಪಾರವನ್ನೂ ಇಟ್ಟುಕೊಂಡಿದ್ದ. ಆ ವೈನೇ ಹೆಂಡತಿಯನ್ನು ಹಾಳುಮಾಡಿತೆಂದು ಬಾನ್‌ನ ನೆರೆಹೊರೆಯವರು ಹೇಳುತ್ತಿದ್ದರು. ಆಕೆ ಕೊನೆಗಾಲವನ್ನು ಕ್ರೈಸ್ತ ಸನ್ಯಾಸಿನಿಯರ ಆಶ್ರಮದಲ್ಲಿ ಕಳೆದಳು. ಇವರ ಮಕ್ಕಳಲ್ಲಿ ಉಳಿದವನು ಯೋಹಾನ್ ಒಬ್ಬನೇ, 1739 ಅಥವಾ 1740ರಲ್ಲಿ ಹುಟ್ಟಿದವನು. ವಿಚಿತ್ರವೆಂದರೆ ಅವನ ದೀಕ್ಷಾಸ್ನಾನದ ದಾಖಲೆ ಇವತ್ತಿಗೂ ಸಿಕ್ಕಿಲ್ಲ. ಯೋಹಾನ್ ಅದೇ ಆಸ್ಥಾನದಲ್ಲಿ ಹಾಡುಗಾರನಾದ, ಕುಡುಕನಾದ, 1767ರಲ್ಲಿ ಮರಿಯಾ ಮಗ್ದಲೇನಾ ಕೆವೆರಿಖ್‌ಳನ್ನು ಕಟ್ಟಿಕೊಂಡ. ಅವರ ಮಗ ಲುಡ್ವಿಗ್‌ಗೆ 1770ರ ಡಿಸೆಂಬರ್ 17ರಂದು ದೀಕ್ಷಾಸ್ನಾನವಾಯಿತು.

ಈ ಮೊಮ್ಮಗನಿಗೆ ಅಪ್ಪನ ಮೇಲೆ ಅಷ್ಟು ಅಭಿಮಾನವಿರಲಿಲ್ಲ, ಅಜ್ಜನ ಮೇಲೆ ಬೆಟ್ಟದಷ್ಟಿತ್ತು. ಅಜ್ಜ ತೀರಿಕೊಂಡಾಗ ಅವನಿಗಿನ್ನೂ ಮೂರು ವರ್ಷ. ನೆನಪಿರಲಾರದು, ಆದರೂ ಮನೆತನದ ಘನತೆಯೆಲ್ಲ ಆ ಮುದುಕನಲ್ಲೇ ಇತ್ತೆಂದು ಅವನು ನಂಬಿದ್ದ. ರಾಡೂ ಎಂಬ ಕಲಾವಿದ ಬರೆದ ಅಜ್ಜನ ತೈಲಚಿತ್ರವೊಂದಿತ್ತು: ತುಪ್ಪಳದ ಟೋಪಿ, ಕೈಯಲ್ಲಿ ಸ್ವರಲಿಪಿಯ ಹಾಳೆ, ನೋಡುವವರನ್ನು ಅಳೆಯುವಂಥ ನೋಟ. 1801ರಲ್ಲಿ ಗೆಳೆಯ ವೆಗೆಲರ್‌ಗೆ ಬರೆದು ಅದನ್ನು ಬಾನ್‌ನಿಂದ ವಿಯೆನ್ನಾಕ್ಕೆ ತರಿಸಿಕೊಂಡ. ಮನೆ ಬದಲಿಸುವುದೇ ಚಟವಾಗಿದ್ದವನು, ಯಾವ ಮನೆಗೆ ಹೋದರೂ ಆ ಪಟ ಸಾಯುವ ತನಕ ಅವನ ಜೊತೆಗಿತ್ತು.

ಅಷ್ಟರಲ್ಲಿ ಅವನ ಹುಟ್ಟಿನ ಬಗ್ಗೆ ಬೇರೆಯೇ ಗಾಳಿಮಾತು ಹಬ್ಬಿತ್ತು. ಪ್ಯಾರಿಸ್‌ನಲ್ಲಿ 1810ರಲ್ಲಿ ಬಂದ ಸಂಗೀತಗಾರರ ಕೋಶವೊಂದು ಅವನನ್ನು ಪ್ರಷ್ಯಾದ ಅರಸ ಎರಡನೇ ಫ್ರೆಡರಿಕ್ ವಿಲಿಯಂನ ಅಕ್ರಮ ಸಂತಾನ ಎಂದಿತು. ಜರ್ಮನಿಯ ಬ್ರಾಕ್‌ಹೌಸ್ ವಿಶ್ವಕೋಶವೂ ಅದನ್ನೇ ಎತ್ತಿಕೊಂಡಿತು. ಬರೀ ಪೊಳ್ಳು ಮಾತು. ಆದರೆ ಬೀಥೋವನ್ ತುಟಿ ಬಿಚ್ಚಲಿಲ್ಲ. ಸತ್ತ ತಾಯಿಯ ಮಾನದ ಪ್ರಶ್ನೆ ಇದು, ಸುಮ್ಮನಿರುವುದೇಕೆ ಎಂದು ವೆಗೆಲರ್ 1825ರ ಕೊನೆಗೆ ಕಾಗದ ಬರೆದು ಗದರಿದ. ಉತ್ತರ ಬರೆದದ್ದು ಹೆಚ್ಚುಕಡಿಮೆ ಒಂದು ವರ್ಷದ ಮೇಲೆ, 1826ರ ಡಿಸೆಂಬರ್ 7ರಂದು. ನನ್ನ ತಂದೆತಾಯಿಯರ, ಅದರಲ್ಲೂ ತಾಯಿಯ ಸಚ್ಚಾರಿತ್ರ್ಯವನ್ನು ನೀನೇ ಲೋಕಕ್ಕೆ ತಿಳಿಸು ಎಂದು ಗೆಳೆಯನ ಮೇಲೆ ಹೊಣೆ ಹೊರಿಸಿದ. ನ್ಯಾಯಾಲಯ ಕೇಳುವ ತನಕ ‘ವಾನ್’ನ ಸತ್ಯ ಬಾಯಿಬಿಡದವನು ರಾಜಪುತ್ರನೆಂಬ ವದಂತಿಯನ್ನೂ ಹದಿನೈದು ವರ್ಷ ಬೆಳೆಯಗೊಟ್ಟಿದ್ದ ಎಂಬುದು ಸ್ವಾರಸ್ಯಕರ. ಕುಡುಕ ಅಪ್ಪನಿಗಿಂತ ಕಾಣದ ಅರಸನೇ ವಾಸಿ ಅನ್ನಿಸಿತ್ತೋ ಏನೋ.

1827ರ ಮಾರ್ಚ್ 26ರಂದು ಅವನು ತೀರಿಕೊಂಡ. ಮರುದಿನ ಶವಪರೀಕ್ಷೆ ಮಾಡಿದ ವೈದ್ಯ ಯೋಹಾನ್ ವಾಗ್ನರ್‌ಗೆ ಕಂಡದ್ದು ಗಂಟುಗಂಟಾಗಿ ಕುಗ್ಗಿದ ಯಕೃತ್ತು. ಬಂದ ಅಭಿಮಾನಿಗಳು ಒಬ್ಬೊಬ್ಬರಾಗಿ ತಲೆಗೂದಲು ಕತ್ತರಿಸಿಕೊಂಡು ಹೋದರು. ಆ ಕಾಲದಲ್ಲಿ ಅದು ಅಸಭ್ಯವಲ್ಲ, ಈಗ ಸಹಿ ಹಾಕಿಸಿಕೊಂಡಂತೆ. ಬದುಕಿದ್ದಾಗಲೇ ಕೇಳಿದವರೂ ಇದ್ದರು. 1826ರಲ್ಲಿ ಪಿಯಾನೋ ವಾದಕ ಆಂಟನ್ ಹಾಲ್ಮ್‌ನ ಹೆಂಡತಿಗೆ ಒಂದು ಎಳೆ ಕೂದಲು ಬೇಕೆನ್ನಿಸಿತು. ಬೀಥೋವನ್ನನ ಮಿತ್ರ ಕಾರ್ಲ್ ಹೋಲ್ಟ್ಸ್‌ಗೆ ಹೇಳಿ ಕಳಿಸಿದಳು. ಬಂದದ್ದು ಮೇಕೆಯ ಗಡ್ಡ! ಒರಟಾಗಿ, ಬೂದು ಬಣ್ಣಕ್ಕಿದ್ದ ಅದನ್ನು ಅವಳು ಭಕ್ತಿಯಿಂದಲೇ ಇಟ್ಟುಕೊಂಡಿದ್ದಳು. ಗುಟ್ಟು ಬಯಲಾದಾಗ ಬೀಥೋವನ್‌ಗೆ ಕೆಂಡದಂಥ ಕೋಪ ಬಂತು. ಹಾಲ್ಮ್ ತನ್ನ ಕೆಲಸದ ಹಸ್ತಪ್ರತಿ ಒಪ್ಪಿಸಲು ಬಂದಾಗ, ನಿಮ್ಮನ್ನು ಮೋಸ ಮಾಡಿದ್ದಾರೆ ಎಂದು ಹೇಳಿ ಸ್ವಂತ ತಲೆಯಿಂದ ಕತ್ತರಿಸಿದ ಗೊಂಚಲನ್ನು ಕೈಗಿತ್ತ. ಸಂಶೋಧಕರಿಗೆ ಸಿಕ್ಕ ಕೂದಲುಗಳಲ್ಲಿ ಬೀಥೋವನ್ ತಾನೇ ಕೊಟ್ಟನೆಂಬ ಕಥೆ ಅಂಟಿಕೊಂಡಿರುವುದರಲ್ಲಿ ಇದು ಮುಖ್ಯ.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಮಾತ್ರ ಇನ್ನೊಂದು. 15 ವರ್ಷದ ಫರ್ಡಿನೆಂಡ್ ಹಿಲ್ಲರ್ ಶವದ ತಲೆಯಿಂದ ಕತ್ತರಿಸಿದನೆಂಬ ಗೊಂಚಲು. ಅದು ಮಗನಿಗೆ ಹೋಯಿತು, ಆಮೇಲೆ ಕಣ್ಮರೆಯಾಯಿತು, 1943ರಲ್ಲಿ ನಾತ್ಸಿಗಳಿಂದ ತಪ್ಪಿಸಿಕೊಂಡು ಯಹೂದಿಗಳು ಬಚ್ಚಿಟ್ಟುಕೊಂಡಿದ್ದ ಡೆನ್ಮಾರ್ಕಿನ ಗಿಲೆಲೈಯೆ ಎಂಬ ಮೀನುಗಾರರ ಊರಲ್ಲಿ ಒಬ್ಬ ವೈದ್ಯನ ಕೈಸೇರಿತು. 1994ರಲ್ಲಿ ಸದಬೀಸ್ ಹರಾಜಿನಲ್ಲಿ ಇಬ್ಬರು ಅಮೆರಿಕನ್ ಅಭಿಮಾನಿಗಳು ಕೊಂಡರು. ಅದರಲ್ಲಿ ಸೀಸದ ಪ್ರಮಾಣ ವಿಪರೀತವೆಂದು ಪರೀಕ್ಷೆ ಹೇಳಿತು. ಬೀಥೋವನ್‌ನನ್ನು ಕೊಂದದ್ದು ಸೀಸ ಎಂದು ಪತ್ರಿಕೆಗಳು ಬರೆದವು, ಆ ಕೂದಲ ಮೇಲೆ ಒಂದು ಪುಸ್ತಕವೇ ಬಂತು, ಸಿನಿಮಾವೂ ಆಯಿತು.

ಕೇಂಬ್ರಿಜ್‌ನ ಟ್ರಿಸ್ಟನ್ ಬೆಗ್, ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯೊಹಾನೆಸ್ ಕ್ರೌಸ, ಲ್ಯೂವೆನ್ ವಿಶ್ವವಿದ್ಯಾಲಯದ ಮಾರ್ಟನ್ ಲಾರ್ಮ್ಯೂಸೋ, ಬಾನ್‌ನ ವೈದ್ಯಕೀಯ ತಜ್ಞರು ಸೇರಿದ ತಂಡ ಎಂಟು ಗೊಂಚಲುಗಳನ್ನು ಕೈಗೆತ್ತಿಕೊಂಡಿತು. ಬೇರಿಲ್ಲದ ಕೂದಲಿನಲ್ಲಿ ಡಿಎನ್‌ಎ ಇರುವುದೇ ಚೂರುಪಾರು, ಅದೂ ಇನ್ನೂರು ವರ್ಷದಲ್ಲಿ ಪುಡಿಪುಡಿಯಾದದ್ದು. ಎಳೆಗಳನ್ನು ತೊಳೆದು, ಕರಗಿಸಿ, ಆ ಚೂರುಗಳನ್ನು ಓದಿ, ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ಜೋಡಿಸಬೇಕು. ಎಲ್ಲ ಸೇರಿ ಸುಮಾರು ಮೂರು ಮೀಟರ್ ಕೂದಲು ಇದಕ್ಕೆ ಖರ್ಚಾಯಿತಂತೆ. 2023ರ ಮಾರ್ಚಿನಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಬೇರೆ ಬೇರೆ ಕೈಗಳನ್ನು ದಾಟಿ ಬಂದಿದ್ದ ಐದು ಗೊಂಚಲುಗಳು ಒಬ್ಬನೇ ಗಂಡಸಿನವು. ಹಿಲ್ಲರ್‌ನ ಗೊಂಚಲು ಹೆಂಗಸಿನದು! ಅಲ್ಲಿಗೆ ಸೀಸದ ಪುಸ್ತಕದ ಕಥೆ ಮುಗಿಯಿತು. ಆದರೆ ಸೀಸ ಬೇರೆ ಬಾಗಿಲಿನಿಂದ ಮರಳಿ ಬಂತು. 2024ರಲ್ಲಿ ಅಸಲಿ ಗೊಂಚಲುಗಳಲ್ಲಿ ಎರಡನ್ನು ಅಳೆದಾಗ ಗ್ರಾಂಗೆ 258 ಮತ್ತು 380 ಮೈಕ್ರೊಗ್ರಾಂ ಸೀಸ ಸಿಕ್ಕಿತು. ಮಾಮೂಲು ಮಿತಿ 4. ಕೊಲ್ಲುವಷ್ಟಲ್ಲ, ಆದರೆ ಹೊಟ್ಟೆ ಕಿವಿ ಕೆಡಿಸಲು ಕೈಜೋಡಿಸಿರಬಹುದಾದಷ್ಟು.

ಯಕೃತ್ತಿನ ಕಾಯಿಲೆಗೆ ಒಗ್ಗುವ ವಂಶವಾಹಿಗಳು ಅವನಲ್ಲಿದ್ದವು. ಸಾಯುವ ಕೆಲ ತಿಂಗಳ ಮುಂಚಿನಿಂದಾದರೂ ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿತ್ತು. ಮೇಲೆ ಕುಡಿತ. ಕಿವುಡಿಗೆ ಮಾತ್ರ ಕಾರಣ ಸಿಗಲಿಲ್ಲ. 1802ರಲ್ಲಿ ಹೈಲಿಗನ್‌ಷ್ಟಾಟ್‌ನಲ್ಲಿ ಕುಳಿತು, ನಾನು ಸತ್ತ ಮೇಲೆ ನನ್ನ ಕಾಯಿಲೆಯನ್ನು ವೈದ್ಯರು ವಿವರಿಸಿ ಲೋಕಕ್ಕೆ ತಿಳಿಸಲಿ ಎಂದು ಬರೆದಿದ್ದವನ ಆಸೆಗೆ ಇಷ್ಟು ಉತ್ತರ ಸಿಕ್ಕಿತು.

ಅವನು ಕೇಳದ ಪ್ರಶ್ನೆಗೂ ಉತ್ತರ ಬಂತು. ಕೂದಲು ನಿಜವಾಗಿ ಬೀಥೋವನ್‌ದೇ ಎಂದು ಖಾತ್ರಿ ಮಾಡಿಕೊಳ್ಳಲು ತಂಡ ಬೆಲ್ಜಿಯಂನಲ್ಲಿ ಈಗಲೂ ವಾನ್ ಬೀಥೋವನ್ ಅಡ್ಡಹೆಸರು ಹೊತ್ತ ಐವರು ಗಂಡಸರ ಮಾದರಿ ಪಡೆದಿತ್ತು. ದಫ್ತರದ ಪ್ರಕಾರ ಇವರೂ ಸಂಗೀತಗಾರನೂ ಆ ಕಾಂಪೆನ್‌ಹೌಟ್ ರೈತ ಆರ್ಟ್‌ನ ವಂಶದವರು. ಐವರ ವೈ ವರ್ಣತಂತುಗಳೂ ಒಂದಕ್ಕೊಂದು ಹೊಂದಿದವು, ಪಶ್ಚಿಮ ಯುರೋಪಿನಲ್ಲಿ ಮಾಮೂಲಾದ ಆರ್1ಬಿ ಗುಂಪಿಗೆ ಸೇರಿದವು. ಕೂದಲಿನ ವೈ ಐ1 ಗುಂಪಿನದು. ಎರಡಕ್ಕೂ ಸಾವಿರಾರು ವರ್ಷಗಳ ಅಂತರ.

ಇಲ್ಲಿ ತಂಡಕ್ಕೆ ಎರಡೇ ದಾರಿ. ಕೂದಲು ಬೀಥೋವನ್‌ದಲ್ಲ, ಇಲ್ಲವೇ ಬೀಥೋವನ್ ಬೀಥೋವನ್ನರವನಲ್ಲ. ಮೊದಲನೆಯದು ನಿಲ್ಲಲಿಲ್ಲ. ಲಂಡನ್‌ನ ಹಾರ್ಪ್ ತಯಾರಕ ಷ್ಟುಂಪ್‌ಫ್ ಬಳಿಯಿದ್ದ ಗೊಂಚಲೂ ವಿಯೆನ್ನಾದ ಹಾಲ್ಮ್ ಮನೆಯ ಗೊಂಚಲೂ ಒಬ್ಬನೇ ಮನುಷ್ಯನವಾಗಿದ್ದು ಕಾಕತಾಳೀಯವಾಗಲಾರದು. ಡಿಎನ್‌ಎಯ ಸವಕಳಿ 19ನೇ ಶತಮಾನದ ಆರಂಭಕ್ಕೆ ತಾಳೆಯಾಗುತ್ತಿತ್ತು. ಒಟ್ಟು ವಂಶವಾಹಿ ಚಿತ್ರ ಇಂದಿನ ನಾರ್ತ್ ರೈನ್-ವೆಸ್ಟ್‌ಫಾಲಿಯಾದ ಜನರಿಗೆ, ಅಂದರೆ ಬಾನ್ ಇರುವ ಸೀಮೆಯವರಿಗೆ ಅತಿ ಹತ್ತಿರವಿತ್ತು. ಯಕೃತ್ತಿನ ಕಾಯಿಲೆಯೂ ಹೊಂದಿತು. ಹೀಗಾಗಿ ಉಳಿದದ್ದು ಎರಡನೆಯ ದಾರಿ. ಸುಮಾರು 1572ರಲ್ಲಿ ಹೆಂಡ್ರಿಕ್ ಗರ್ಭದಲ್ಲಿ ಮೂಡಿದಾಗಿನಿಂದ 1770ರಲ್ಲಿ ಲುಡ್ವಿಗ್ ಮೂಡುವವರೆಗಿನ ಏಳು ತಲೆಮಾರುಗಳಲ್ಲಿ ಎಲ್ಲೋ ಒಂದು ಕಡೆ ಮಗನ ತಂದೆ ದಫ್ತರದ ತಂದೆಯಲ್ಲ.

ಯಾವ ತಲೆಮಾರು? ಹೇಳುವ ದಾರಿ ವೈ ವರ್ಣತಂತುವಿಗಿಲ್ಲ. ಯೋಹಾನ್‌ನ ದೀಕ್ಷಾಸ್ನಾನದ ದಾಖಲೆ ಇಲ್ಲದ್ದರಿಂದ ತಂಡದವರ ಕಣ್ಣು ಅಜ್ಜ ಅಜ್ಜಿಯ ಮೇಲೂ ಬಿತ್ತು, ಅಜ್ಜಿಯ ಕುಡಿತದ ಕಥೆ ಸೇರಿ ಪತ್ರಿಕೆಗಳಿಗೆ ಹಬ್ಬವಾಯಿತು. ನನಗೆ ಇದು ಸರಿಕಾಣುವುದಿಲ್ಲ. ಕಳೆದುಹೋದ ಒಂದು ಹಾಳೆಯ ಮೇಲೆ ಒಬ್ಬ ಹೆಂಗಸಿನ ನಡತೆ ತೀರ್ಮಾನಿಸುವುದಾದರೆ ಜೊಸೀನ್‌ಳನ್ನು ದೂರಿದ ನೆರೆಯವರಿಗೂ ನಮಗೂ ಹೆಚ್ಚು ದೂರವಿಲ್ಲ. ಹುಟ್ಟಿನ ಹಿಂದೆ ಪ್ರೀತಿಯಿತ್ತೋ, ಬಲಾತ್ಕಾರವಿತ್ತೋ, ದತ್ತು ಇತ್ತೋ, ಗಂಡನಿಗೆ ಎಲ್ಲ ಗೊತ್ತಿದ್ದು ಒಪ್ಪಿಕೊಂಡಿದ್ದನೋ, ವರ್ಣತಂತು ಹೇಳುವುದಿಲ್ಲ. ಲಾರ್ಮ್ಯೂಸೋ ಈ ವಿಷಯವನ್ನೇ ವರ್ಷಗಟ್ಟಲೆ ಅಳೆದವರು. 2019ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಲ್ಜಿಯಂ, ನೆದರ್‌ಲೆಂಡ್ಸ್ ಸೀಮೆಯಲ್ಲಿ ಕಳೆದ ಐನೂರು ವರ್ಷದಲ್ಲಿ ಇಂಥ ಹುಟ್ಟುಗಳ ಪ್ರಮಾಣ ಸರಾಸರಿ ನೂರಕ್ಕೆ ಒಂದೆರಡು. ರೈತರಲ್ಲಿ ಅದಕ್ಕೂ ಕಡಿಮೆ, 19ನೇ ಶತಮಾನದ ಕಿಕ್ಕಿರಿದ ಪೇಟೆಗಳ ಬಡವರಲ್ಲಿ ನೂರಕ್ಕೆ ಆರರ ತನಕ. ತಲೆಮಾರಿಗೆ ಒಂದೆಂದು ಹಿಡಿದರೂ ಏಳು ತಲೆಮಾರಿಗೆ ನೂರಕ್ಕೆ ಏಳರ ಹತ್ತಿರ. ಊರಿನಲ್ಲಿ ಹದಿನೈದು ಮನೆಯ ವಂಶವೃಕ್ಷ ತೆಗೆದರೆ ಸರಾಸರಿ ಒಂದರಲ್ಲಿ ಇದು ಕಾಣುತ್ತದೆ. ನೋಡಿದವರಿಲ್ಲ, ಅಷ್ಟೆ.

ಸಂಗೀತ ರಕ್ತದಲ್ಲಿ ಬರುತ್ತದೆ ಎಂಬ ಮಾತಿಗೂ ಈ ಕೂದಲು ಒಂದು ಪೆಟ್ಟು ಕೊಟ್ಟಿತು. ಲಕ್ಷಾಂತರ ಜನರ ವಂಶವಾಹಿಗಳಿಂದ ಲೆಕ್ಕಹಾಕಿ, ತಾಳಕ್ಕೆ ತಕ್ಕಂತೆ ಕೈತಟ್ಟುವ ಶಕ್ತಿಗೆ ವಿಜ್ಞಾನಿಗಳು ಒಂದು ಅಂಕಪಟ್ಟಿ ಮಾಡಿದ್ದಾರೆ. 2024ರಲ್ಲಿ ಅದನ್ನು ಬೀಥೋವನ್‌ನ ಡಿಎನ್‌ಎಗೆ ಹಚ್ಚಿ ನೋಡಿದರು. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಅವನ ಜಾಗ ಕೆಳಗಿನಿಂದ ಹತ್ತರ ಆಸುಪಾಸು! ಅವನ ಸಂಗೀತ ಕೇಳಿದವರು ಈ ಅಂಕಪಟ್ಟಿಯನ್ನು ನೋಡಿ ನಕ್ಕು ಬಿಡಬಹುದು. ಪ್ರಬಂಧ ಬರೆದವರ ಉದ್ದೇಶವೂ ಅದೇ: ಒಬ್ಬ ವ್ಯಕ್ತಿಯ ಪ್ರತಿಭೆಯನ್ನು ಇಂಥ ಅಂಕದಿಂದ ಊಹಿಸಬೇಡಿ ಎನ್ನುವುದು. ಅಜ್ಜ ಕೊಟ್ಟದ್ದು ಆಸ್ಥಾನದ ನೌಕರಿ, ಮನೆಯಲ್ಲಿ ಪಿಯಾನೋ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಂಗೀತವೇ ಕಿವಿಗೆ ಬೀಳುವ ಬಾಲ್ಯ. ಅದಕ್ಕೆ ವೈ ಹೊಂದಬೇಕಾಗಿರಲಿಲ್ಲ. ಆ ತೈಲಚಿತ್ರವನ್ನು ಮೊಮ್ಮಗ ಮನೆಯಿಂದ ಮನೆಗೆ ಹೊತ್ತು ತಿರುಗಿದ್ದರಲ್ಲಿ ತಪ್ಪೇನೂ ಇಲ್ಲ.

ಕಾರ್ಲ್ ಏನಾದ? ದೊಡ್ಡಪ್ಪ 1820ರಲ್ಲಿ ವ್ಯಾಜ್ಯ ಗೆದ್ದ. ಹುಡುಗ ಆ ಪ್ರೀತಿಯ ಉಸಿರುಕಟ್ಟಿಸುವಿಕೆ ತಾಳದೆ 1826ರಲ್ಲಿ ತಲೆಗೆ ಗುಂಡು ಹಾರಿಸಿಕೊಂಡ, ಬದುಕಿಕೊಂಡ, ಸೈನ್ಯ ಸೇರಿದ, ಮದುವೆಯಾಗಿ ಹೆಣ್ಣುಮಕ್ಕಳ ನಡುವೆ ಒಬ್ಬ ಗಂಡುಮಗನನ್ನು ಪಡೆದ. ಅವನಿಗೂ ಲುಡ್ವಿಗ್ ಎಂದೇ ಹೆಸರಿಟ್ಟ. ಈ ಮೂರನೇ ಲುಡ್ವಿಗ್ ಬವೇರಿಯಾದಲ್ಲಿ ತಾನು ಸಂಗೀತಗಾರನ ಮೊಮ್ಮಗ, ಬ್ಯಾರನ್ ಫೊನ್ ಬೀಥೋವನ್ ಎಂದು ಹೇಳಿಕೊಂಡು ಹಣ ಎತ್ತಿದ. ದೊಡ್ಡಜ್ಜ ನ್ಯಾಯಾಲಯದಲ್ಲಿ ಕಳೆದುಕೊಂಡದ್ದನ್ನು ಇವನು ಸುಳ್ಳಿನಿಂದ ಗಳಿಸಿದ. ವಂಚನೆ ಹೊರಬಿದ್ದು ಶಿಕ್ಷೆಯಾಗುವ ಹೊತ್ತಿಗೆ ಅಮೆರಿಕಕ್ಕೆ ಹಾರಿ, ಅಲ್ಲಿ ಲೂಯಿ ಫೊನ್ ಹೋವೆನ್ ಎಂದು ಹೆಸರು ಮೊಟಕು ಮಾಡಿಕೊಂಡ. ಅವನ ಮಗ ಕಾರ್ಲ್ ಯೂಲಿಯಸ್ ಮರಿಯಾ 1917ರ ಡಿಸೆಂಬರಿನಲ್ಲಿ, ಮಹಾಯುದ್ಧದ ನಡುವೆ, ವಿಯೆನ್ನಾದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಸಂಗೀತಗಾರನ ಕವಲಿನಲ್ಲಿ ಆ ಅಡ್ಡಹೆಸರು ಹೊತ್ತ ಕೊನೆಯ ಗಂಡಸು ಅವನೇ. ಈಗ ವಾನ್ ಬೀಥೋವನ್ ಎಂದು ಬರೆದುಕೊಳ್ಳುವ ಕುಟುಂಬಗಳು ಬೆಲ್ಜಿಯಂನಲ್ಲಿವೆ, ಪರೀಕ್ಷೆಗೆ ಒಳಗಾದ ಐವರಲ್ಲಿ ಒಬ್ಬರ ವೈ ಕೂಡ ಲುಡ್ವಿಗ್‌ನದಕ್ಕೆ ಹೊಂದಿಲ್ಲ.